ಬಿಡ್ರಿ ಅಂದ್ರ ಹೊಡೀರಿ ಅಂತಲ್ಲ

ನಾನು ಹದಿನೇಳನೇ ವಯಸ್ಸಿಗೆ ನಿವೃತ್ತಿ ಆದೆ. ನಗಬ್ಯಾಡ್ರಿ. ನಮ್ಮ ಅಪ್ಪ ಖತಾರ್ ದೇಶದ ರಾಸ್ ಲಫಾನ್‌ನ್ಯಾಗ ಗ್ಯಾಸ್ ಪ್ಲಾಂಟ್ ಆಪರೇಟರ್, ತಲಿಕೂದಲೆಲ್ಲಾ ಅಲ್ಲೇ ಬಿಟ್ಟು ಬಂದಾನ, ಅವನಿಗಿನ್ನೂ ನಿವೃತ್ತಿ ಸಿಕ್ಕಿಲ್ಲ. ನನಗ ಹನ್ನೆರಡನೇ ಕ್ಲಾಸಿನ ಪರೀಕ್ಷೆಕಿಂತ ಮೊದಲ ಸಿಕ್ತು. ದೊಡ್ಡೋರು ನೌಕರಿ ಮುಗಿಸಿದ್ರ ಶಾಲು, ಹಾರ, ಹಣ್ಣಿನ ಬುಟ್ಟಿ ಕೊಡ್ತಾರ. ನನಗ ಒಂದು ಫಲಾಫಲ್ ಸ್ಯಾಂಡ್‌ವಿಚ್ಚು, ಯಾರೋ ಹಾಕ್ಕೊಂಡು ಬೆವತಿದ್ದ ಒಂದು ಟೊಪ್ಪಿಗಿ ಕೊಟ್ರು. ಟೊಪ್ಪಿಗಿ ಅಮ್ಮ ಒಳಗ ತರಾಕ ಬಿಡಲಿಲ್ಲ.

ಈಗ ನನ್ನ ಜಾಗಾಕ್ಕ ಹೊಸಾ ಹುಡುಗ್ರು ಬರಾಕತ್ತೀರಿ ಅಂತ ಕೇಳೀನಿ. ನಿಮ್ಮ ಕೈಯಾಗ ಟ್ಯಾಬ್ಲೆಟ್ ಕೊಡ್ತಾರ, ಗುರಿ ಬಾಜೂಕ ಕ್ಯಾಮೆರಾ ಇಟ್ಟಾರ. ಕುಂತು ಪರದಿ ನೋಡೋದು, ಅಷ್ಟ ಕೆಲಸ ಅಂತ ನಿಮಗ ಅನಿಸ್ತೈತಿ. ಅನಿಸ್ಲಿ. ಮೊದಲ್ನೇ ಶುಕ್ರವಾರ ಟ್ಯಾಬ್ಲೆಟ್ ಕೈಯಾಗ ಬಂದಾಗ ಇದನ್ನ ತಗದು ಓದ್ರಿ.

ಕೆಲಸದ ಹೆಸರು ಸ್ಪಾಟರ್. ಅಮ್ಮ ಬಾಗಲಕೋಟಿಗೆ ಫೋನ್ ಮಾಡಿ, "ನಮ್ಮ ಶ್ರೇಯಾ ಗುಂಡು ಹೊಡಿಯೋರಿಗೆ ದಾರಿ ತೋರಸ್ತಾಳ" ಅಂದಿದ್ದಕ್ಕ ನಮ್ಮ ಸೋದರತ್ತಿ ವಾರಗಟ್ಟಲೆ ನಿದ್ದಿ ಮಾಡಿಲ್ಲಂತ. ಪೊಲೀಸ್ರು ಎಂದ ಬರ್ತಾರ ಅಂತ ಬಾಗಲಾ ನೋಡ್ಕೋತ ಕುಂತಿದ್ಲಂತ. ಅಂಥಾದ್ದೇನೂ ಇಲ್ಲ. ನಾವಿರೋ ಅಲ್ ಖೋರ್ ದಾಟಿ ಇನ್ನೂ ಮ್ಯಾಲೆ ಹೋದ್ರ, ಮರಳಿಗೂ ಬ್ಯಾಸರ ಬಂದು ಮಲಗಿರೋ ಜಾಗಾದಾಗ, ಒಬ್ಬ ಖತಾರಿ ಮಾಲಕರ ಶೂಟಿಂಗ್ ರೇಂಜ್ ಐತಿ. ಅಲ್ಲಿ ಹೊಡಿಯೋದು ಬೋಲ್ಟ್ ಪಿಸ್ತೂಲು. ಪಿಸ್ತೂಲು ಅಂದ ಕೂಡ್ಲೇ ಸೊಂಟದಾಗ ಸಿಗಿಸ್ಕೊಳ್ಳೋದನ್ನ ನೆನಸಬ್ಯಾಡ್ರಿ. ಇದನ್ನ ಸೊಂಟದಾಗ ಸಿಗಿಸಿದ್ರ ಮನಷಾ ಒಂದ ಕಡೆ ವಾಲಿ ನಡೀತಾನ. ಇದು ರೈಫಲ್ಲಿಗೆ ಹುಟ್ಟಿದ ಕುಳ್ಳ ಮಗ. ಹಿಂದ ಕೈಹಿಡಿಕಿ, ಮುಂದ ಉದ್ದ ಮೂತಿ, ಮ್ಯಾಲೆ ದುರ್ಬೀನು, ಬಾಜೂಕ ಬಾಗಲದ ಚಿಲಕಾ ಇದ್ದಂಗ ಬೋಲ್ಟು. ಚಿಲಕಾ ತಗೀರಿ, ಒಂದ ಗುಂಡು ಇಡ್ರಿ, ಚಿಲಕಾ ಹಾಕ್ರಿ, ಹೊಡೀರಿ, ಮತ್ತ ಚಿಲಕಾ ತಗೀರಿ. ಎಲ್ಲಾ ಪಿಸ್ತೂಲೂ ರೇಂಜಿನ ತಿಜೋರಿದಾಗ ಇರ್ತಾವ, ಯಾರ ಮನಿಗೂ ಹೋಗಂಗಿಲ್ಲ.

ಗುರಿ ಅಂದ್ರ ಕಬ್ಬಿಣದ ಪ್ರಾಣಿಗೋಳು. ಹತ್ರ ಕೋಳಿ. ಅದರ ಹಿಂದ ಹಂದಿ ಇರಬೇಕಂತ ರೂಲ್ಸು, ಆದ್ರ ಇಲ್ಲಿ ಹಂದಿ ಯಾರಿಗೂ ಬ್ಯಾಡಾಗಿ ಮೊಲಾ ಮಾಡಿಸ್ಯಾರ. ಗಾತ್ರ ಮಾತ್ರ ರೂಲ್ಸಿನ ಪ್ರಕಾರ ಹಂದೀದ ಇರಬೇಕಲ್ಲ, ಹಿಂಗಾಗಿ ನಮ್ಮ ಮೊಲಾ ನೋಡಿದ್ರ ಹುಲಿ ಓಡಿ ಹೋಗಬೇಕು. ಮೂರನೇದ್ದು ಟರ್ಕಿ ಕೋಳಿ. ಅದನ್ನ ನಮ್ಮ ಮಂದಿ ಜನ್ಮದಾಗ ಕಂಡಿಲ್ಲ, 'ನವಿಲು' ಅಂತಿದ್ವಿ. ಎಲ್ಲಾದಕ್ಕಿಂತ ದೂರ ಟಗರು. ಎಷ್ಟು ದೂರ ಅಂದ್ರ, ಬರಿಗಣ್ಣಿಗೆ ಅದು ಬಿಸಿಲಿನ್ಯಾಗ ಬಿದ್ದ ಒಂದು ಸಾಸಿವಿ ಕಾಳು.

ಹೊಡಿಯೋರು ಚಾಪಿ ಮ್ಯಾಲೆ ಮಲಗತಾರ, ನಾವು ಬಾಜೂಕ ದೊಡ್ಡ ದುರ್ಬೀನಿಗೆ ಕಣ್ಣು ಹಚ್ಕೊಂಡು ಮಲಗತೀವಿ. ಬಿಸಿಲುಗುದುರಿ ಯಾವ ಕಡೆ ಓಡಾಕತ್ತೈತಿ ನೋಡಿ ಗಾಳಿ ಹೇಳೋದು, ಗುಂಡು ಎಲ್ಲಿ ಬಿತ್ತು ಅಂತ ಹೇಳೋದು, ಗುರಿ ಹಿಂದ ಮುಂದ ಏನರ ಬಂದ್ರ ತಡಿಯೋದು. ಟಗರಿಗೆ ಗುಂಡು ಬಡದದ್ದು ಮೊದಲ ಕಾಣ್ತೈತಿ, ಠಣ್ ಅನ್ನೋದು ಹಿಂದಿಂದ ನಿಧಾನಕ್ಕ ಬರ್ತೈತಿ. ಆ ನಡುವಿನ ಚೂರು ಹೊತ್ತಿನ್ಯಾಗ ನಾ ಹೊತ್ತ ಹರಕಿ ತೀರಸಬೇಕಂದ್ರ ಇನ್ನೊಂದು ಜನ್ಮ ಬೇಕು.

ನನ್ನ ಕೆಲಸಕ್ಕ ಹಚ್ಚಿದ್ದು ಅಪ್ಪನ ಹೆದರಿಕಿ. ಪ್ಲಾಂಟಿನ ಗೆಳೆಯರ ಮಾತು ಕೇಳಿ ಅವ ಮೊದಲ್ನೇ ಸಲ ಹೊಡಿಯಾಕ ಬಂದಿದ್ದ. ಟ್ರಿಗರ್ ಒತ್ತೋ ಮುಂದ ಎರಡೂ ಕಣ್ಣು ಮುಚ್ಚಿದ, ಬಾಯಿ ತಗದ. ಆ ಗುಂಡು ಎಲ್ಲಿ ಹೋತಂತ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಬಹರೇನಿನವ್ರು ಏನೂ ದೂರು ಕೊಟ್ಟಿಲ್ಲ ಅಂದ್ರ ಸಮುದ್ರದಾಗ ಬಿದ್ದಿರಬೇಕು. ಹಿಂದ ಕುಂತಿದ್ದ ನಾನು, "ಅಪ್ಪಾ, ಕೋಳಿ ನಿಂಗ ನೋಡಿ ನಗಾಕತ್ತೈತಿ" ಅಂದೆ. ಬರಿಗಣ್ಣಿಲೆ ಕೋಳಿ ಕಾಣೋ ಹುಡುಗಿ ಯಾರು ಅಂತ ಕ್ಯಾಪ್ಟನ್ ತಿರುಗಿ ನೋಡಿದ್ರು. ಅಷ್ಟ, ನನ್ನ ಇಂಟರ್‌ವ್ಯೂ ಮುಗೀತು.

ಕ್ಯಾಪ್ಟನ್ ಅಂದ್ರ ರೇಂಜಿನ ಮುದೀರ್, ಅಂದ್ರ ಮ್ಯಾನೇಜರ್. ಸುಡಾನಿನವ್ರು, ಮಿಲಿಟರಿ ಬಿಟ್ಟು ಬಂದೋರು. ಎತ್ತರ ಎಷ್ಟಂದ್ರ ಅವರ ನೆರಳಿಗೆ ಇಬ್ರು ಕುಂತು ಊಟಾ ಮಾಡಬಹುದು. ಹೊಡಿಯೋ ಹೊತ್ತಿನ್ಯಾಗ ಅವರ ಬಾಯಾಗ ಮೂರ ಶಬ್ದ. ಯಲ್ಲಾ ಅಂದ್ರ ಹೊಡೀರಿ. ಖಲಾಸ್ ಅಂದ್ರ ಚಿಲಕಾ ತಗದು ಕೈ ಮ್ಯಾಲೆ ಮಾಡ್ರಿ. ಮಾಫಿ ಅಂದ್ರ ಬಡದಿಲ್ಲ. ಕೊರಳಾಗ ಒಂದು ಸೀಟಿ, ಎದಿ ಮ್ಯಾಲಿನ ಕಿಸೆದಾಗ ಒಂದು ಹಳದಿ ಕಾರ್ಡು. ನೀವು ಸೀಟಿಗೆ ಹೆದರಬ್ಯಾಡ್ರಿ. ಕೈ ಕಿಸೆ ಕಡೆ ಹೋದ್ರ ಹೆದರ್ರಿ. 'ಯಲ್ಲಾ' ಅನ್ನೋಕಿಂತ ಮೊದಲ ಗುಂಡು ಹಾರಿದ್ರ, ಇಲ್ಲಾ ತಡಿ ಅಂದ ಮ್ಯಾಲೆ ಹಾರಿದ್ರ, ಹಳದಿ ಕಾರ್ಡು. ಎರಡನೇ ಸಲ ಆತಂದ್ರ ಮೆಂಬರ್‌ಶಿಪ್ಪು ಖಲಾಸ್, ಜನ್ಮಪೂರ್ತಿ ಆ ಗೇಟಿನ ಒಳಗ ಕಾಲಿಡಂಗಿಲ್ಲ. ಶೇಖ್ ಆಗಲಿ, ಶೇಖನ ಅಳಿಯ ಆಗಲಿ.

ಮೊದಲ್ನೇ ತಿಂಗಳು ನಾನೇ ಆ ಕಿಸೆ ಅಲುಗಾಡಿಸಿದ್ದೆ. ದುರ್ಬೀನಿನ್ಯಾಗ ನೋಡ್ತೀನಿ, ಟಗರು ತಲಿ ಅಳ್ಳಾಡಿಸ್ತು. ಬಿಸಿಲುಗುದುರಿ ಇರಬೇಕಂತ ಕಣ್ಣು ಒರಿಸ್ಕೊಂಡು ಮತ್ತ ನೋಡಿದ್ರ, ಟಗರು ನಾಕು ಹೆಜ್ಜಿ ನಡದು ನವಿಲಿನ ಕಡೆ ಬಂತು. ನಾ ಎದ್ದು ನಿಂತು, "ಕಬ್ಬಿಣದ ಟಗರು ನಡಿಯಾಕತ್ತೈತಿ" ಅಂತ ಕನ್ನಡ, ಹಿಂದಿ, ಇಂಗ್ಲಿಷು ಮೂರರಾಗೂ ಚೀರಿದೆ. ಕ್ಯಾಪ್ಟನ್ ಸೀಟಿ ಊದಿದ್ರು, ಎಲ್ಲಾರೂ ಚಿಲಕಾ ತಗದು ಕೈ ಮ್ಯಾಲೆ ಮಾಡಿದ್ರು. ಹೋಗಿ ನೋಡಿದ್ರ ಬಾಜೂದ ಫಾರ್ಮಿಂದ ತಪ್ಪಿಸ್ಕೊಂಡ ಖರೇ ಟಗರು ಒಂದು, ಕಬ್ಬಿಣದ ಟಗರಿನ ಮುಖಾ ಮೂಸಿ ನೋಡಾಕತ್ತಿತ್ತು. ಕಳಕೊಂಡ ತಮ್ಮ ಸಿಕ್ಕಂಗ. ನನಗ ಬೈಗಳ ಕಾದೈತಿ ಅಂತ ಅಪ್ಪನ ಹಿಂದ ಸರದೆ. ಕ್ಯಾಪ್ಟನ್ ಬಂದು, "ಯಾ ಬಿಂತ್, ಹುಡುಗೀ, ಸಂಶಯ ಬಂದ್ರ ಹಿಂಗ ಚೀರಬೇಕು. ಆದ್ರ ಸ್ವಲ್ಪ ಸಣ್ಣ ದನಿಲೆ" ಅಂದ್ರು. ಇದನ್ನ ನೀವು ನೆನಪಿಡ್ರಿ. ನಗ್ತಾರಂತ ಬಾಯಿ ಮುಚ್ಕೊಂಡ್ರ ನೀವು ಸ್ಪಾಟರ್ ಅಲ್ಲ, ಬರೇ ಮಲಗಿರೋರು.

ಇನ್ನ ಟ್ರಿಗರ್ ಮಾತು. ಪಿಸ್ತೂಲು ರೇಂಜಿಂದ, ಆದ್ರ ಟ್ರಿಗರ್ ಅವರವರದು. ಒಬ್ಬೊಬ್ಬರ ಬೆರಳಿಗೆ ತಕ್ಕಂಗ ಮಾಡಿಸಿ, ಹೆಸರು ಬರದು ಡಬ್ಬ್ಯಾಗ ಇಡ್ತಾರ. ಮಾಡೋರು ಲಾರೆನ್ಸ್ ಅಂಕಲ್. ಮಂಗಳೂರು ಕಡೆಯವ್ರು, ಮನ್ಯಾಗ ಕೊಂಕಣಿ, ಸಿಟ್ಟು ಬಂದ್ರ ತುಳು. ತಾವು ಮಾಡಿದ ಟ್ರಿಗರ್ ಬಗ್ಗೆ ಅವರಿಗಿದ್ದ ಅಭಿಮಾನ, ಹಡೆದ ಮಗನ ಮ್ಯಾಲೂ ಇರಲಿಲ್ಲ. ಅಪ್ಪನ ಟ್ರಿಗರ್ ಒತ್ತಿ ನೋಡಿ, "ಇದು ಟ್ರಿಗರ್ ಅಲ್ಲ ಮಾರಾಯ್ರೆ, ಬೋರ್‌ವೆಲ್ ಪಂಪು. ಇದಕ್ಕೆ ಇಬ್ಬರು ಜನ ಬೇಕು" ಅಂದಿದ್ರು.

ಬೆರಳಿನ ಅಚ್ಚು ತಗಿಯಾಕ ಅವರಿಗೆ ಒಂದು ನಮೂನಿ ಮೆತ್ತನ್ನ ಮಸಾಲಿ ಬೇಕಾಗ್ತಿತ್ತು. ಒಮ್ಮೆ ಅದು ಕಸ್ಟಮ್ಸಿನ್ಯಾಗ ಸಿಕ್ಕೊಂಡು ಕುಂತಾಗ ನಾ ಮನಿಂದ ಚಪಾತಿ ಹಿಟ್ಟು ತಂದುಕೊಟ್ಟೆ. ಎಲ್ಲಾರೂ ಬಂದು ಬೆರಳು ಒತ್ತಿದ್ರು, ಬಿಸಲಾಗ ಇಟ್ರ ಕಟಕ ರೊಟ್ಟಿ ಆತು. ಅಗದೀ ಚೊಲೊ ಅಚ್ಚು ಬಂತು. ಆದ್ರ ಮುಂದಿನ ವಾರ ಬಂದು ನೋಡಿದ್ರ ಇರುವಿಗೋಳು ಅರ್ಧಾ ಮೆಂಬರುಗಳ ಬೆರಳು ತಿಂದಿದ್ವು. ಈಗ ಫೋನಿಲೆ ಬೆರಳು ಸ್ಕ್ಯಾನ್ ಮಾಡಿ ಪ್ರಿಂಟರಿನ್ಯಾಗ ತಗೀತಾರ. ಸುಧಾರಣಾ ಅಂದ್ರ ಇದ, ಇರುವಿ ಹತ್ತಂಗಿಲ್ಲ.

ಮ್ಯಾಚಿನ ಮೊದಲ ಟ್ರಿಗರ್ ಪರೀಕ್ಷೆ ಇರ್ತೈತಿ. ಗುಂಡಿಲ್ಲದ ಪಿಸ್ತೂಲಿನ ಟ್ರಿಗರಿಗೆ ಒಂದು ತೂಕದ ಬಟ್ಟು ಜೋತು ಬಿಟ್ಟು ಮ್ಯಾಲೆ ಎತ್ತತಾರ. ಬಟ್ಟು ನೆಲಾ ಬಿಟ್ಟು ಏಳೋತನಕ ಟ್ರಿಗರ್ ಸುಮ್ಮನಿದ್ರ ಪಾಸು. ನಡುವ ಟಕ್ ಅಂದ್ರ, ಭಾಳ ಹಗುರ ಐತಿ, ನಾಪಾಸು. ನನಗ ನನ್ನ ಗಣಿತದ ರಿಜಲ್ಟ್ ಬಂದಾಗ ಬರಲಾರದ ಬೆವರು ಈ ಪರೀಕ್ಷೆದಾಗ ಬರ್ತಿತ್ತು. ಕಾರಣ ಮೋನಬ್ಬ ಕಾಕಾ.

ಮೋನಬ್ಬ ಕಾಕಾ ಉಳ್ಳಾಲದ ಬ್ಯಾರಿ. ನಮ್ಮ ಅಪ್ಪ ಹುಟ್ಟೋಕಿಂತ ಮೊದಲ ದೋಹಾಕ್ಕ ಬಂದಾರ ಅಂತ ನಾ ಹೇಳ್ತೀನಿ, ಅವರು ಅಷ್ಟೇನಿಲ್ಲ ಅಂತಾರ. ಗಾಡಿ ಸ್ಪೇರ್ ಪಾರ್ಟ್ಸ್ ಅಂಗಡಿ, ಅಲ್ ಥುಮಾಮಾದಾಗ ಮನಿ. ಪ್ರತಿ ಶುಕ್ರವಾರ ನಮಾಜು ಮುಗಿಸಿ, ತಮ್ಮ ಹಳೇ ಲ್ಯಾಂಡ್ ಕ್ರೂಸರ್ ಹೊಡಕೊಂಡು ಅಲ್ ಖೋರಿಗೆ ಬಂದು, ಅಪ್ಪನ್ನ, ನನ್ನ ಇಬ್ಬರನ್ನೂ ಹತ್ತಿಸ್ಕೊಂಡು ರೇಂಜಿಗೆ ಹೋಗ್ತಿದ್ರು. ಅವರ ಸ್ಪಾಟರ್ ನಾನ, ಅವರೊಬ್ಬರಿಗೆ ಮಾತ್ರ. ಟಗರು ಹೊಡಿಯೋದ್ರಾಗ ಅವರ ಮುಂದ ಖತಾರಿ ಹುಡುಗರೂ ತಲಿ ಬಾಗಸ್ತಿದ್ರು.

ಅವರ ಬಲಗೈ ನಡಗತಿತ್ತು. ಮೊದಲ ಸ್ವಲ್ಪ, ಆಮ್ಯಾಲೆ ಭಾಳ. ಅಂಗಡ್ಯಾಗ ಸ್ಕ್ರೂ ಎಣಿಸಿ ಕೊಡಾಕ ಆಗಂಗಿಲ್ಲ ಅಂತ ಹುಡುಗನ್ನ ಇಟ್ಟಿದ್ರು. ಅನ್ನಾ ಚಮಚಾಲೆ ತಿಂದ್ರ ಬಾಯಿಗೆ ಬರೋದ್ರಾಗ ಚಮಚಾ ಖಾಲಿ. ಡಾಕ್ಟರು ಏನೋ ಹೆಸರು ಹೇಳಿ ಗುಳಿಗಿ ಕೊಟ್ಟಿದ್ರು. ಆದ್ರ ಚಾಪಿ ಮ್ಯಾಲೆ ಮಲಗಿ, ಮರಳಿನ ಚೀಲದ ಮ್ಯಾಲೆ ಪಿಸ್ತೂಲು ಇಟ್ಟು, ಒಂದು ಉದ್ದ ಉಸಿರು ಬಿಟ್ರಂದ್ರ ಆ ಕೈ ನಿಂತು ಬಿಡ್ತಿತ್ತು. ನಾ ನನ್ನ ಕಣ್ಣಿಲೆ ನೋಡೀನಿ. ಅತ್ತು ಅತ್ತು ಮಲಗಿದ ಕೂಸಿನಂಗ.

"ವಾರದಲ್ಲಿ ಇದು ನನ್ನ ಕೈ ಅಂತ ಅನಿಸುವುದು ಇಲ್ಲಿ ಮಾತ್ರ" ಅಂತ ಒಮ್ಮೆ ಲಾರೆನ್ಸ್ ಅಂಕಲ್ ಮುಂದ ಅಂದ್ರು. "ಆ ಟ್ರಿಗರ್ ಇನ್ನೂ ಒಂಚೂರು ಹಗುರ ಮಾಡು ಲಾರೆನ್ಸ್. ಜೋರಾಗಿ ಒತ್ತಬೇಕಾದ್ರೆ ನಡುಕ ಬರ್ತದೆ."

"ಇನ್ನೆಂತ ಹಗುರ ಮಾಡುದು ಬ್ಯಾರಿಗಳೇ? ಈಗಲೇ ಇದು ಸೊಳ್ಳೆ ಕೂತರೆ ಹೊಡೀತದೆ."

"ಸೊಳ್ಳೆಗೆ ಗುರಿ ಗೊತ್ತಿಲ್ಲ ಅಲ್ವಾ. ನನಗೆ ಗೊತ್ತುಂಟು."

ಅಂಕಲ್ ಬೈಕೋತ ಹಗುರ ಮಾಡಿದ್ರು. ಪರೀಕ್ಷೆದಾಗ ಬಟ್ಟು ಎದ್ದಿತು, ಟಕ್ ಅನಲಿಲ್ಲ, ಪಾಸು. ಆದ್ರ ಎಂಥಾ ಪಾಸು ಅಂದ್ರ, ನನ್ನ ಗಣಿತದ್ದಕಿಂತ ಕಡಿಮಿ ಮಾರ್ಕ್ಸಿಂದು.

ಅದಾದ ಮ್ಯಾಲೆ ಒಂದು ಶುಕ್ರವಾರ, ಕಾಕಾ ಚಿಲಕಾ ಹಾಕಿ ಬೆರಳು ಹಂಗ ಟ್ರಿಗರಿನ ಹತ್ರ ತಂದ್ರು. ಕ್ಯಾಪ್ಟನ್ ಇನ್ನೂ ಯಲ್ಲಾ ಅಂದಿರಲಿಲ್ಲ. ಢಂ. ಕೋಳಿ ಮುಂದಿನ ಮರಳು ಹಾರಿ ಕೋಳಿ ಮೈ ಮ್ಯಾಲೆ ಬಿತ್ತು. ಯಾರಿಗೂ ಏನೂ ಆಗಲಿಲ್ಲ, ಗುರಿ ಕಡೇನ ಹೋಗಿತ್ತು. ಕ್ಯಾಪ್ಟನ್ ಕೈ ಕಿಸೆಗೆ ಹೋತು. ಹಳದಿ ಕಾರ್ಡು ಕಾಕಾನ ಚಾಪಿ ಮ್ಯಾಲೆ ಇಟ್ಟು, ಒಂದು ಬೆರಳು ಮ್ಯಾಲೆ ಮಾಡಿ ತೋರಿಸಿದ್ರು. ಇನ್ನೊಂದ ಉಳದೈತಿ ಅಂತ.

ಅವತ್ತಿಂದ ನನ್ನ ಶುಕ್ರವಾರ ಕೆಟ್ಟುಹೋದ್ವು. ಬೆಳಿಗ್ಗೆ ಇಡ್ಲಿ ಇಳಿತಿರಲಿಲ್ಲ. ನನಗ ಇಡ್ಲಿ ಇಳಿಯೋದಿಲ್ಲ ಅಂದ್ರ ಅಮ್ಮ ಜ್ವರಾ ನೋಡ್ತಾಳ. ಮೊದಲ ನಾ ಟಗರು ನೋಡ್ತಿದ್ದೆ, ಈಗ ಒಂದು ಕಣ್ಣು ದುರ್ಬೀನಿನ್ಯಾಗ, ಇನ್ನೊಂದು ಕಾಕಾನ ಬೆರಳ ಮ್ಯಾಲೆ. ಎರಡು ಕಣ್ಣು ಎರಡು ಕಡೆ ಹೋಗಿ ಹೋಗಿ, ಈ ಹುಡುಗಿ ಮೆಳ್ಳಗಣ್ಣಿ ಆಗ್ತಾಳ ಅಂತ ಅಪ್ಪ ಹೇಳತಿದ್ದ. ಕಾಕಾ ಚಿಲಕಾ ಹಾಕಿದ್ರ ನನ್ನ ಉಸಿರು ನಿಲ್ಲತಿತ್ತು, ತಗದ್ರ ಬರ್ತಿತ್ತು. ಮ್ಯಾಚ್ ಮುಗಿಯೋದ್ರಾಗ ನಾ ನೀರಾಗ ಮುಳುಗಿ ಎದ್ದು ಮುಳುಗಿ ಎದ್ದಂಗ ಆಗತಿದ್ದೆ.

ಲಾರೆನ್ಸ್ ಅಂಕಲ್ ಒಮ್ಮೆ ಯಾರಿಗೂ ಹೇಳದ ಕಾಕಾನ ಟ್ರಿಗರ್ ಬಿಗಿ ಮಾಡಿ ಇಟ್ರು. ಅವತ್ತು ಕಾಕಾ ಒಂದು ಕೋಳಿನೂ ಬೀಳಿಸಲಿಲ್ಲ. ಗುಂಡು ಎಡಕ್ಕ, ಬಲಕ್ಕ, ಮ್ಯಾಲೆ, ಕೆಳಗ. ಮಾಫಿ, ಮಾಫಿ, ಮಾಫಿ. ನಾ ಗಾಳಿ ಮ್ಯಾಲೆ ಹಾಕಿದೆ. "ಗಾಳಿ ಹುಚ್ಚು ಹಿಡದಂಗ ಬೀಸಾಕತ್ತೈತಿ ಕಾಕಾ, ನಿಮ್ಮದೇನಿಲ್ಲ ಬಿಡ್ರಿ" ಅಂದೆ. ಬಾವುಟಾ ಕಂಬಕ್ಕ ಅಂಟಿಕೊಂಡು ಮಲಗಿತ್ತು. ಕಾಕಾ ಬಾವುಟಾ ನೋಡಿದ್ರು, ನನ್ನ ನೋಡಿದ್ರು. ಎದ್ದು ಹೋಗಿ, "ಲಾರೆನ್ಸ್, ನನ್ನ ಟ್ರಿಗರ್ ಮೊದಲು ಹೇಗಿತ್ತೋ ಹಾಗೆ ಮಾಡು" ಅಂದ್ರು.

"ಇನ್ನೊಂದು ಕಾರ್ಡ್ ಬಿದ್ರೆ ನಿಮ್ಮನ್ನು ಗೇಟಿನಿಂದ ಆಚೆ ಹಾಕ್ತಾರೆ, ಗೊತ್ತುಂಟಲ್ಲ?"

"ಹೀಗೆ ಹೊಡಿಯುವುದಾದ್ರೆ ಗೇಟಿನ ಒಳಗೆ ನನಗೆಂತ ಕೆಲಸ?"

ಇಬ್ಬರದೂ ಖರೇ. ಟ್ರಿಗರ್ ಮತ್ತ ಹಗುರ ಆತು.

ಹೋದ ಚಳಿಗಾಲದ ದೊಡ್ಡ ಮ್ಯಾಚಿನ ದಿನ ಬಟ್ಟು ಎತ್ತೋ ಮುಂದ ನಾ ಕಣ್ಣು ಮುಚ್ಚಿಕೊಂಡಿದ್ದೆ. ಅಪ್ಪ ಮೊಳಕೈಲೆ ತಿವದು, "ಪಾಸ್, ಕಣ್ಣು ತಗಿ" ಅಂದ. ಕಾಕಾ ಚಾಪಿ ಮ್ಯಾಲೆ ಮಲಗಿದ್ರು. ಉಸಿರು ಬಿಟ್ರು. ಕೈ ನಿಂತಿತು. ಕೋಳಿ ಬಿತ್ತು, ಮೊಲಾ ಬಿತ್ತು, ನವಿಲು ಬಿತ್ತು. ಜನಾ ಒಬ್ಬೊಬ್ರ ನಮ್ಮ ಹಿಂದ ಬಂದು ನಿಂತ್ರು. ಸುಮ್ಮ ನಿಂತ ಮಂದಿ ಎಷ್ಟು ಸಪ್ಪಳ ಮಾಡ್ತಾರಂತ ಅವತ್ತು ಗೊತ್ತಾತು. ಉಳದದ್ದು ಕಡೀ ಟಗರು.

ಕ್ಯಾಪ್ಟನ್ 'ಯಲ್ಲಾ' ಅಂದ್ರು. ಕಾಕಾ ಚಿಲಕಾ ಹಾಕಿದ್ರು, ಬೆರಳು ಟ್ರಿಗರ್ ಮ್ಯಾಲೆ ಬಂತು. ನನ್ನ ದುರ್ಬೀನಿನ ಅಂಚಿನ್ಯಾಗ, ಗುರಿ ಹಿಂದಿನ ಮಣ್ಣಿನ ದಿಬ್ಬದ ಬಾಜೂಕ, ಧೂಳು ಎದ್ದಿತು. ಒಂದು ಬಿಳೇ ಪಿಕಪ್. ಒಂಟಿ ಹುಡುಕೋತ ಬಂದ ಫಾರ್ಮಿನವ್ರು ಬೇಲಿ ಒಳಗ ಗಾಡಿ ಹಾಕಿದ್ರು. ಟಗರಿನಿಂದ ಭಾಳ ಬಾಜೂಕ, ಭಾಳ ದೂರ, ಆದ್ರ ಒಳಗ. ಇಂಥಾ ಹೊತ್ತಿನ್ಯಾಗ ನಾ ಯಾವಾಗ್ಲೂ 'ತಡೀರಿ' ಅಂತಿದ್ದೆ. ಅವತ್ತು ಬಾಯಾಗ ಬ್ಯಾರೇ ಬಂತು.

"ಬಿಡ್ರಿ ಕಾಕಾ, ಬಿಡ್ರಿ."

ಢಂ.

ಅದರ ಬೆನ್ನಿಗೇ ಕ್ಯಾಪ್ಟನ್ ಸೀಟಿ. ದುರ್ಬೀನಿನ್ಯಾಗ ಟಗರು ಹಿಂದಕ್ಕ ಬಿದ್ದದ್ದು ಕಂಡಿತು, ಆಮ್ಯಾಲೆ ಠಣ್. ಪಿಕಪ್ಪಿನವ ಗಾಡಿ ನಿಲ್ಲಿಸಿ, ಇಳದು, ಏನೋ ಚೊಲೊ ಆತು ಅನ್ಕೊಂಡು ಚಪ್ಪಾಳಿ ಹೊಡದ. ಅವನೊಬ್ಬನ ಹೊಡದಿದ್ದು. ಎಲ್ಲಾರೂ ಕ್ಯಾಪ್ಟನ್ ಕಿಸೆ ನೋಡಾಕತ್ತಿದ್ರು.

ಕ್ಯಾಪ್ಟನ್ ಬಂದು ನನ್ನ ಮುಂದ ನಿಂತ್ರು. ಮುಂದಿನ ಮಾತುಕತಿ ಹಿಂದಿ, ಇಂಗ್ಲಿಷು, ಅರಬ್ಬಿ, ಅಪ್ಪನ ಗಾಬರಿ ಎಲ್ಲಾ ಕಲಸಿ ಆದದ್ದು. ನಾ ಕನ್ನಡದಾಗ ಬರದೀನಿ.

"ಯಾ ಬಿಂತ್, ಪಿಕಪ್ ನೋಡಿ ನೀ ಏನಂದಿ?"

"ಬಿಡ್ರಿ ಅಂದೆ, ಸರ್."

"ಹಂಗಂದ್ರ?"

ಅಪ್ಪ ನಡುವ ಬಂದ. "ಬ್ಯಾಡ ಅಂತ, ಸರ್. ಕೈ ಬಿಡ್ರಿ, ಹೊಡಿಬ್ಯಾಡ್ರಿ ಅಂತ." ಅಂದ ಮ್ಯಾಲೆ ಅವನಿಗೆ ಹೊಳೀತು, ಇದರಿಂದ ಕಾಕಾನ ಕುತ್ತಿಗಿಗೆ ಬಂತು ಅಂತ. ಬಾಯಿ ಹಂಗ ತಕ್ಕೊಂಡು ನಿಂತ.

ಲಾರೆನ್ಸ್ ಅಂಕಲ್ ಓಡಿ ಬಂದ್ರು. "ಅಲ್ಲ ಸರ್, ನಮ್ಮ ಭಾಷೆಯಲ್ಲಿ ಗುಂಡು ಬಿಡುವುದು ಅಂದ್ರೆ ಹೊಡಿಯುವುದೇ. ಬಾಣ ಬಿಡ್ತಾರೆ, ರಾಕೆಟ್ ಬಿಡ್ತಾರೆ. ಬ್ಯಾರಿಗಳು ಮತ್ತೆಂತ ಮಾಡ್ಬೇಕು? ಅವಳು ಬಿಡಿ ಅಂದಳು, ಇವರು ಬಿಟ್ಟರು."

ಕ್ಯಾಪ್ಟನ್ ಅಪ್ಪನ ಕಡೆ ತಿರುಗಿದ್ರು. "ನೀ ಬ್ಯಾಡ ಅಂತ ಅಂದಿ."

"ಹೌದು ಸರ್. ಸಿಗರೇಟ್ ಬಿಟ್ಟೆ ಅಂದ್ರ ಸೇದೋದು ನಿಲ್ಲಿಸಿದೆ ಅಂತ."

"ಆದ್ರೆ ಹೊಗೆ ಬಿಟ್ಟೆ ಅಂದ್ರೆ ಸೇದಿದೆ ಅಂತ" ಅಂದ್ರು ಲಾರೆನ್ಸ್ ಅಂಕಲ್.

ಕ್ಯಾಪ್ಟನ್ ಇಬ್ಬರ ಕಡೆನೂ ಬೆರಳು ಮಾಡಿದ್ರು. "ಒಂದ ಶಬ್ದ. ಸಿಗರೇಟಿಗೆ ಹಚ್ಚಿದ್ರ ನಿಲ್ಲಿಸಿದಂಗ, ಹೊಗಿಗೆ ಹಚ್ಚಿದ್ರ ಸೇದಿದಂಗ?"

"ಹೌದು ಸರ್."

"ಈ ಭಾಷಾದಾಗ ನೀವು ಯುದ್ಧ ಹೆಂಗ ಮಾಡ್ತಿದ್ರಿ?"

ಯಾರೋ ಹಿಂದ ಕಿಸಕ್ ಅಂದ್ರು. ನನಗ ನಗು ಬರಲಿಲ್ಲ. ಕಾಕಾ ಚಾಪಿ ಮ್ಯಾಲೆ ಎದ್ದು ಕುಂತಿದ್ರು, ಎರಡೂ ಕೈ ತೊಡಿ ನಡುವ ಒತ್ತಿ ಹಿಡಕೊಂಡಿದ್ರು. ಕ್ಯಾಪ್ಟನ್ ಕೈ ಕಿಸೆಗೆ ಹೋಗಿ ಅಲ್ಲೇ ನಿಂತಿತ್ತು. ನಾ ಆ ಕೈ ನೋಡಿದಂಗ ನನ್ನ ರಿಜಲ್ಟೂ ನೋಡಿಲ್ಲ.

ಕಡೀಕ ಕೈ ಖಾಲಿ ಹೊರಗ ಬಂತು. "ಇದು ಶಬ್ದದ ತಪ್ಪು. ಮನಷಾಂದಲ್ಲ. ಇವತ್ತಿಂದ ಈ ಲೈನಿನ್ಯಾಗ ನಿಮ್ಮ ಭಾಷಾ ಬಂದ್. ಯಲ್ಲಾ, ಖಲಾಸ್, ಅಷ್ಟ."

ಅಪ್ಪ ಕ್ಯಾಪ್ಟನ್‌ನ ತಬ್ಬಿಕೊಳ್ಳಾಕ ಹೋಗಿ, ಎತ್ತರ ಸಾಲದ ಹೊಟ್ಟಿ ತಬ್ಬಿಕೊಂಡ. ಲಾರೆನ್ಸ್ ಅಂಕಲ್ ಟಗರಿಗೆ ಬಡದ ಗುಂಡಿನ ಶ್ರೇಯಸ್ಸು ಪೂರ್ತಿ ತಮ್ಮ ಟ್ರಿಗರಿಗೆ ಸಲ್ಲಬೇಕಂತ ಶುರು ಮಾಡಿದ್ರು. ಯಾರೋ ಖರ್ಜೂರ ಹಂಚಿದ್ರು. ನಾ ಮೂರು ಖರ್ಜೂರ ಒಮ್ಮೆಲೆ ಬಾಯಿಗೆ ಹಾಕ್ಕೊಂಡೆ.

ಅಷ್ಟರಾಗ ಕಾಕಾ ಎದ್ರು. ಪಿಸ್ತೂಲಿನ ಬೋಲ್ಟ್ ಪೂರ್ತಿ ಎಳದು ಹೊರಗ ತಗದ್ರು, ಅರಿವಿಲೆ ಒರಿಸಿದ್ರು, ಕ್ಯಾಪ್ಟನ್ ಕೈಯಾಗ ಇಟ್ರು. ಮ್ಯಾಲೆ ತಮ್ಮ ಮೆಂಬರ್‌ಶಿಪ್ ಕಾರ್ಡ್ ಇಟ್ರು.

"ಖಲಾಸ್, ಕ್ಯಾಪ್ಟನ್" ಅಂದ್ರು.

ಕ್ಯಾಪ್ಟನ್ ಕಾಕಾನ ಮುಖಾ ನೋಡಿದ್ರು. ಬಲಗೈ ಎದಿ ಮ್ಯಾಲೆ ಇಟ್ಕೊಂಡು ತಲಿ ಬಾಗಿಸಿದ್ರು.

ಮಂದಿ ಎಲ್ಲಾ, ಅಷ್ಟು ಜನರ ಮುಂದ ವಿಚಾರಣೆ ಮಾಡಿದ್ದು ಬ್ಯಾರಿಗಳಿಗೆ ಮನಸ್ಸಿಗೆ ಹತ್ತೇತಿ ಅಂತ ಮಾತಾಡ್ಕೊಂಡ್ರು. ಅಪ್ಪ ಚೀಲಾ ತರಾಕ ಒಳಗ ಹೋದ. ನಾ ಮತ್ತ ಕಾಕಾ ಲ್ಯಾಂಡ್ ಕ್ರೂಸರ್ ಹತ್ರ ನಿಂತ್ವಿ. ನಾ ಒಂದ ಸಮ ವಟವಟ ಶುರು ಮಾಡಿದೆ. ತಪ್ಪು ನನ್ನ ಬಾಯೀದು ಕಾಕಾ, ನಿಮಗ್ಯಾಕ ಸಿಟ್ಟು, ನಾ ತಡೀರಿ ಅನಬೇಕಿತ್ತು, ನಾಳೆ ಹೋಗಿ ಕಾರ್ಡ್ ವಾಪಸ್ ಇಸ್ಕೊಂಡು ಬರೋಣು, ಕ್ಯಾಪ್ಟನ್ ಕೊಡ್ತಾರ.

"ಮಗಾ" ಅಂದ್ರು ಕಾಕಾ. "ನೀನು ಬೇಡ ಅಂತ ಹೇಳಿದ್ದು ನನಗೆ ಸರಿಯಾಗಿಯೇ ತಿಳಿದಿತ್ತು."

ನಾ ಅವರ ಕಡೆ ತಿರುಗಿದೆ.

"ಎರಡು ವರ್ಷದಿಂದ ನಿನ್ನ ಸ್ವರ ಕೇಳ್ತಾ ಇದ್ದೇನೆ. ನನಗೆ ಗೊತ್ತಾಗುವುದಿಲ್ವಾ? ನಾನು ಬೆರಳು ತೆಗಿತಾ ಇದ್ದೆ. ತೆಗಿವಾಗಲೇ ಹೋಯ್ತು ಅದು."

"ಅಲ್ಲೇ ಯಾಕ ಹೇಳಲಿಲ್ಲ ಮತ್ತ?"

"ಹೇಳಿದ್ರೆ ಅವನು ಕಾರ್ಡ್ ತೆಗಿತಿದ್ದ. ಅವನು ತೆಗಿವುದು ಬೇರೆ, ನಾನು ಕೊಡುವುದು ಬೇರೆ."

ಅಪ್ಪ ಚೀಲಾ ಹೊತ್ಕೊಂಡು ಬಂದ. "ಕಾಕಾ, ಹಂಗೆಲ್ಲಾ ಮನಸ್ಸಿಗೆ ಹಚ್ಕೋಬ್ಯಾಡ್ರಿ. ಮುಂದಿನ ಶುಕ್ರವಾರ ಎಲ್ಲಾರೂ ಮರತಿರ್ತಾರ" ಅಂದ.

ಕಾಕಾ ಕಿಸೆಯಿಂದ ಗಾಡಿ ಕೀಲಿ ತಗದು ಅಪ್ಪನ ಮುಂದ ಹಿಡದ್ರು. ಕೀಲಿ ಗೊಂಚಲು ಕೈಯಾಗ ಗಿಲಿಗಿಲಿ ಅನ್ನಾಕತ್ತಿತ್ತು.

"ಇವತ್ತು ಗಾಡಿ ನೀವು ಬಿಡಿ" ಅಂದ್ರು.

ಅಪ್ಪನಿಗೆ ಏನೂ ತಿಳೀಲಿಲ್ಲ. ದೊಡ್ಡ ಗಾಡಿ ಸಿಕ್ತು ಅಂತ ಖುಷಿಲೆ ಸೀಟು ಮುಂದಕ್ಕ ಸರಿಸಿ ಕುಂತ. ಕಾಕಾ ಅವನ ಬಾಜೂಕ ಕುಂತು ಬೆಲ್ಟ್ ಎಳಕೊಂಡ್ರು. ಅದರ ನಾಲಿಗಿ ಕೊಂಡ್ಯಾಗ ಕುಂದ್ರಲಿಲ್ಲ, ಒಮ್ಮೆ ಇತ್ತಾಗ ಹೋತು, ಒಮ್ಮೆ ಅತ್ತಾಗ ಹೋತು. ಅಪ್ಪ ಕನ್ನಡಿ ಸರಿ ಮಾಡೋದ್ರಾಗ ಇದ್ದ. ನಾ ಹಿಂದಿನ ಸೀಟಿನಿಂದ ಬಗ್ಗಿ ಅವರ ಕೈ ಮ್ಯಾಲೆ ಕೈ ಇಟ್ಟು ಸಿಗಿಸಿದೆ.

ಟಕ್ ಅಂತು.